ವಿಂಡೋಸ್ ಡಿಫ್ರಾಗ್: ಶಿರಸಿಯ ಮನೆ ಕಂಪ್ಯೂಟರ್‌ನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಡಿಸ್ಕಿನಲ್ಲಿ ತುಂಡುತುಂಡಾಗಿ ಚದುರಿದ ಫೈಲುಗಳನ್ನು ಒಂದೆಡೆ ಜೋಡಿಸಲು ವಿಂಡೋಸ್ ಜೊತೆಗೇ ಬರುವ ಡಿಫ್ರಾಗ್ ಟೂಲ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ವಿಂಡೋಸ್ 7 ಇದ್ದಾಗಿನಿಂದ ಬಳಸುತ್ತಿದ್ದೇನೆ, ಈಗ 10ರಲ್ಲಿ. ಹೌದು, 2025ರ ಅಕ್ಟೋಬರ್‌ಗೆ 10ರ ಸಪೋರ್ಟ್ ಮುಗಿದಿದೆ ಅಂತ ಗೊತ್ತು, ಆದರೆ ನಮ್ಮ ಹಳೆಯ ಸಿಪಿಯುಗೆ 11 ಹಾಕಲು ಬರುವುದಿಲ್ಲ. ಮನೆ ಕಂಪ್ಯೂಟರ್‌ಗೆ ಬೇರೆ ಡಿಫ್ರಾಗ್ ಸಾಫ್ಟ್‌ವೇರ್ ಬೇಡವೇ ಬೇಡ, ಪುಕ್ಕಟೆ ಸಿಕ್ಕರೂ ಬೇಡ. ಇದು ಅರ್ಧಕ್ಕೆ ನಿಂತರೆ ಮೊದಲು ಡಿಸ್ಕ್ ಕಡೆ ನೋಡಿ.

ನಮ್ಮ ಮನೆ ಇರುವುದು ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ. ಸಿ ಡ್ರೈವ್ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಚಿಪ್ಪಿನ ಡಿಸ್ಕ್), ಡಿ ಡ್ರೈವ್ 1 ಟಿಬಿಯ ಹಾರ್ಡ್ ಡಿಸ್ಕ್. ಡಿ ತುಂಬ ರಾತ್ರಿಯಿಡೀ ನಡೆದ ಯಕ್ಷಗಾನದ ವಿಡಿಯೋ, ಮಾರಿಕಾಂಬಾ ಜಾತ್ರೆಯ ಫೋಟೋ, ಅಡಿಕೆ ಲೆಕ್ಕದ ಫೈಲು. ಡಿಸ್ಕ್ ತುಂಬುತ್ತಾ ಬಂದ ಹಾಗೆ ಹಳೆಯದನ್ನು ಅಳಿಸಿ ಹೊಸದು ಹಾಕುತ್ತೇವೆ, ಆಗ ಒಂದೇ ಫೈಲು ಜಾತ್ರೆಯಲ್ಲಿ ಚದುರಿ ಹೋದ ಮನೆಮಂದಿಯ ಹಾಗೆ ಅಲ್ಲೊಂದು ಇಲ್ಲೊಂದು ತುಂಡಾಗಿ ಕೂರುತ್ತದೆ. ತೆರೆಯುವಾಗ ಡಿಸ್ಕಿನ ಹೆಡ್ ಎಲ್ಲ ಕಡೆ ಓಡಾಡಬೇಕು, ಅಷ್ಟೇ ಸಮಸ್ಯೆ. ಎಸ್‌ಎಸ್‌ಡಿಯಲ್ಲಿ ಓಡಾಡುವ ಹೆಡ್ಡೇ ಇಲ್ಲ. ಹಾಗಾಗಿ ಅದಕ್ಕೆ ಇದೇ ಟೂಲ್ ಮುಖ್ಯವಾಗಿ ಟ್ರಿಮ್ (ಅಳಿಸಿದ ಫೈಲುಗಳ ಜಾಗ ಖಾಲಿ ಅಂತ ಡಿಸ್ಕಿಗೆ ತಿಳಿಸುವುದು) ಮಾಡುತ್ತದೆ, ಸಾಮಾನ್ಯವಾಗಿ ಬೇಗ ಮುಗಿಯುತ್ತದೆ.

ಮಾಮೂಲಿಯಾಗಿ ಇದು ವಾರಕ್ಕೊಮ್ಮೆ ತಾನಾಗೇ ಓಡಬೇಕು. ವಿಂಡೋಸ್ ಇಂಥ ಕೆಲಸಕ್ಕೆ ಇಟ್ಟುಕೊಂಡ ಹೊತ್ತು ರಾತ್ರಿ 2 ಗಂಟೆ. ನಮ್ಮಲ್ಲಿ ಆ ಹೊತ್ತಿಗೆ ಕಂಪ್ಯೂಟರ್ ಆನ್ ಇಡುವವರು ಯಾರು? ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತು ಇಡುತ್ತೇವೆ. ಹಾಗಾಗಿ ತಪ್ಪಿದ ಕೆಲಸವನ್ನು ಅದು ಹಗಲು ಹೊತ್ತು ಮಾಡುತ್ತದೆ. ಚಾ ಕುಡಿಯಲು ಎದ್ದು ಹೋದರೆ ಸ್ವಲ್ಪ ಹೊತ್ತಿಗೆ ಡಿಸ್ಕ್ ಕರಕರ ಅನ್ನಲು ಶುರು, ಬಂದು ಮೌಸ್ ಮುಟ್ಟಿದರೆ ಗಪ್‌ಚಿಪ್. ವೈರಸ್ ಅಂತ ಹೆದರಬೇಡಿ. ನಾನಂತೂ ಮಳೆಗಾಲದಲ್ಲಿ ಶೆಡ್ಯೂಲ್ ಆಫ್ ಮಾಡಿ, ಕರೆಂಟು ನೆಟ್ಟಗಿರುವ ದಿನ ಕೈಯಾರೆ ಓಡಿಸುತ್ತೇನೆ.

ಈಗ ನಿಲ್ಲುವ ವಿಷಯ. ಮೊದಲನೆಯದು ನಿಂತಿದೆ ಅನ್ನಿಸುವುದು, ಆದರೆ ನಿಂತಿರುವುದಿಲ್ಲ. 'ಪಾಸ್ 1' ನೂರಕ್ಕೆ ಮುಟ್ಟಿ 'ಪಾಸ್ 2' ಅಂತ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಆಮೇಲೆ ಪಾಸ್ 3, ಹೀಗೇ ಮುಂದುವರಿಯುತ್ತದೆ. ಅದು ಹಾಗೇ, ಸುಮ್ನೆ ಬಿಡಿ. ಎರಡನೆಯದು ಜಾಗ. ಡ್ರೈವ್‌ನಲ್ಲಿ ಸುಮಾರು 15% ಖಾಲಿ ಇದ್ದರೆ ಒಳ್ಳೆಯದು. 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಅಂತ ಕಾಣುತ್ತದೆ, ಅಂದರೆ 140 ಜಿಬಿ ಖಾಲಿ ಬೇಕು. ಇದಕ್ಕಿಂತ ತೀರಾ ಕಡಿಮೆ ಇದ್ದರೆ ತುಂಡುಗಳನ್ನು ಎತ್ತಿಡಲು ಜಾಗವಿಲ್ಲದೆ ಕೆಲಸ ಅರೆಬರೆ ಆಗುತ್ತದೆ. ಪೇಜ್ ಫೈಲ್, ಹೈಬರ್ನೇಶನ್ ಫೈಲ್ ಇಂಥ, ವಿಂಡೋಸ್ ತನ್ನ ಕೆಲಸಕ್ಕೇ ಇಟ್ಟುಕೊಂಡ ಫೈಲುಗಳನ್ನು ಅದು ಅಲುಗಿಸುವುದಿಲ್ಲ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಮೂರನೆಯದು ನಮ್ಮ ಕಡೆ ಜಾಸ್ತಿ. ಏನೋ ಬರೆಯುತ್ತಿರುವಾಗಲೇ ಕರೆಂಟು ಹೋಗಿ ಡ್ರೈವ್ 'ಡರ್ಟಿ' (ಒಳಗೆ ತಪ್ಪಿರಬಹುದು, ಚೆಕ್ ಮಾಡಬೇಕು) ಅಂತ ಗುರುತಾದರೆ, ಚೆಕ್ ಆಗುವವರೆಗೆ ಡಿಫ್ರಾಗ್ ಓಡುವುದಿಲ್ಲ. ಡ್ರೈವ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಟೂಲ್ಸ್, ಅಲ್ಲಿ 'ಚೆಕ್' ಒತ್ತಿ, ಅದು ಮುಗಿದ ಮೇಲೆ ಕೆಳಗಿರುವ 'ಆಪ್ಟಿಮೈಸ್', ಡಿಫ್ರಾಗ್ ಟೂಲ್ ತೆರೆಯುವುದು ಇದರಿಂದಲೇ. ಒಂದು ಸಣ್ಣ ಯುಪಿಎಸ್ ಹಾಕಿದ ಮೇಲೆ ನಮಗೆ ಈ ಕಾಟ ತಪ್ಪಿತು.

ಹೆದರಬೇಕಾದ್ದು ನಾಲ್ಕನೆಯದಕ್ಕೆ. ನಮ್ಮ ಹಿಂದಿನ ಡಿಸ್ಕ್ ಪ್ರತಿ ಸಲ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ಸಿಕ್ಕಿಕೊಳ್ಳುತ್ತಿತ್ತು, ಒಳಗಿನಿಂದ ಟಿಕ್ ಟಿಕ್ ಸದ್ದು ಬೇರೆ. ಪೇಟೆಯ ರಿಪೇರಿ ಅಂಗಡಿಯವನು ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹೊಸದಾಗಿ ಹಾಕಿಕೊಟ್ಟು ದುಡ್ಡು ಎಣಿಸಿಕೊಂಡ. ವಾರ ಕಳೆಯುವುದರೊಳಗೆ ಮತ್ತೆ ಅದೇ ಟಿಕ್ ಟಿಕ್. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ನೋಡಿದರೆ ಹಳದಿ ಬಣ್ಣದಲ್ಲಿ 'ಕಾಶನ್', ಕೆಳಗೆ 'ಕರೆಂಟ್ ಪೆಂಡಿಂಗ್ ಸೆಕ್ಟರ್' (ಡಿಸ್ಕ್ ಓದಲು ತಿಣುಕುತ್ತಿರುವ ಸಣ್ಣ ಭಾಗಗಳ ಲೆಕ್ಕ) ಸಾಲಿನಲ್ಲಿ ಸೊನ್ನೆ ಇರಬೇಕಾದ ಕಡೆ ಬೇರೆ ಅಂಕಿ. ಓದಲಾಗದ ಸೆಕ್ಟರ್ ಇದ್ದರೆ ಯಾವ ಡಿಫ್ರಾಗ್ ತಾನೇ ಏನು ಮಾಡೀತು? ಇಂಥ ಡಿಸ್ಕ್ ಮೇಲೆ ಮತ್ತೆ ಮತ್ತೆ ಓಡಿಸಿದರೆ ಅದನ್ನು ಇನ್ನೂ ದಣಿಸಿದ ಹಾಗೆ, ಅಲ್ವಾ? ಮೊದಲು ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ, ಆಮೇಲೆ ಉಳಿದ ಮಾತು. ನಾವೂ ಕಾಪಿ ಮಾಡಿಕೊಂಡು ಡಿಸ್ಕನ್ನೇ ಬದಲಾಯಿಸಿದೆವು.

ಇನ್ನೊಂದು. ಬೇರೆ ಸಾಫ್ಟ್‌ವೇರ್‌ಗಳು ಕೆಂಪು ಚೌಕಗಳ ನಕ್ಷೆ ತೋರಿಸಿ ಹೆದರಿಸುತ್ತವೆ, ಅದೇ ಡಿಸ್ಕ್ ನೋಡಿ ವಿಂಡೋಸ್ 'ಓಕೆ' ಅನ್ನುತ್ತದೆ. ಯಾಕೆಂದರೆ ವಿಂಡೋಸ್ 7ರಿಂದ ಈಚೆಗೆ 64 ಎಂಬಿಗಿಂತ ದೊಡ್ಡ ತುಂಡುಗಳನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಷ್ಟು ದೊಡ್ಡ ತುಂಡನ್ನು ಸರಿಸಿ ಸಿಗುವ ಲಾಭ ಏನೂ ಇಲ್ಲ. ನಮ್ಮ ಯಕ್ಷಗಾನದ ವಿಡಿಯೋಗಳು ಇಂಥ ದೊಡ್ಡ ತುಂಡುಗಳಲ್ಲೇ ಇವೆ, ತಡವರಿಸದೆ ಓಡುತ್ತವೆ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಅದರ ಮೂಗತನಕ್ಕೆ. ಜಾಗ ಸಾಲದೆ ನಿಂತಿತೋ ಸೆಕ್ಟರ್ ಕೆಟ್ಟು ನಿಂತಿತೋ ಆ ಕಿಟಕಿಯಲ್ಲಿ ಸರಿಯಾಗಿ ಹೇಳುವುದೇ ಇಲ್ಲ. ಇವೆಂಟ್ ವ್ಯೂವರ್ (ವಿಂಡೋಸ್ ಬರೆದಿಟ್ಟ ಎರರ್‌ಗಳನ್ನು ತೋರಿಸುವ ಟೂಲ್) ತೆರೆದು, ಸಿಸ್ಟಮ್ ಲಾಗ್‌ನಲ್ಲಿ ಡಿಸ್ಕ್ ಹೆಸರಿನ ಎರರ್ ಇದೆಯಾ ಅಂತ ನಾವೇ ಹುಡುಕಬೇಕು.