ದಿನದ ಕೋಟಾ, ಅನ್‌ಲಿಮಿಟೆಡ್, ತಿಂಗಳ ಡೇಟಾ: ಎರಡೂವರೆ ವರ್ಷದಲ್ಲಿ ಮೂರನ್ನೂ ಹಾಕಿಸಿ ನೋಡಿದೆ

ನನ್ನ ಸಿಮ್ ಯಾವ ಕಂಪನಿಯದು ಅಂತ ಇಲ್ಲಿ ಬರೆಯುವುದಿಲ್ಲ. ಕಂಪನಿ ಬದಲಿಸಿದರೂ ಪ್ಲಾನ್‌ಗಳ ಲೆಕ್ಕಾಚಾರ ಹೆಚ್ಚು ಕಡಿಮೆ ಅದೇ, ಹಾಗಾಗಿ ಇದು ಪ್ಲಾನ್‌ಗಳ ವಿಮರ್ಶೆ. ನಾನು ಇರುವುದು ಬೆಂಗಳೂರಲ್ಲಿ, ಊರು ಹೊಸನಗರದ ಹತ್ತಿರ. ಎರಡು ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತೇನೆ. ನನ್ನ ಫೋನಿಗೂ ಊರಲ್ಲಿರುವ ಅಮ್ಮನ ಫೋನಿಗೂ ರೀಚಾರ್ಜ್ ಮಾಡಿಸುವವನು ನಾನೇ.

ಶುರು ಮಾಡಿದ್ದು ಎಲ್ಲರ ಹಾಗೆ ದಿನಕ್ಕೆ 1.5 ಜಿಬಿ, 84 ದಿನದ ಪ್ಲಾನ್‌ನಿಂದ. ಜುಲೈ 2024ರ ಮೊದಲು ಅದಕ್ಕೆ ₹719 ಕೊಡುತ್ತಿದ್ದೆ. ಆ ತಿಂಗಳು ಎಲ್ಲ ಖಾಸಗಿ ಕಂಪನಿಗಳೂ ಒಟ್ಟಿಗೆ ಬೆಲೆ ಏರಿಸಿದವಲ್ಲ, ಆಗ ₹859 ಆಯಿತು. ಪೋಸ್ಟರ್‌ನಲ್ಲಿ ದೊಡ್ಡದಾಗಿ 'ಅನ್‌ಲಿಮಿಟೆಡ್' ಅಂತಲೇ ಇರುತ್ತದೆ. ಅದು ಕಾಲ್‌ಗೆ ಮಾತ್ರ. ಡೇಟಾ ವಿಷಯದಲ್ಲಿ, 1.5 ಜಿಬಿ ಮುಗಿದ ಮೇಲೆ ಸ್ಪೀಡು 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. ವಾಟ್ಸಾಪ್‌ನಲ್ಲಿ ಯಾರೋ ಡಾಕ್ಯುಮೆಂಟ್ ಆಗಿ ಕಳಿಸಿದ 3 ಎಂಬಿಯ ಒಂದು ಫೋಟೋ ಇಳಿಯಲು ಆರು ನಿಮಿಷಕ್ಕಿಂತ ಜಾಸ್ತಿ ಬೇಕು. ಕೋಟಾ ಮುಗಿದರೂ 'ಡೇಟಾ ನಿಲ್ಲುವುದಿಲ್ಲ' ಎಂಬ ಕಂಪನಿಯವರ ಮಾತು ಕಾಗದದ ಮೇಲೆ ಸುಳ್ಳಲ್ಲ, ಅಷ್ಟೆ.

ಒಂದು ಸಲ ಸುಮ್ನೆ ಕುತೂಹಲಕ್ಕೆ ಲೆಕ್ಕ ಇಟ್ಟೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ದಿನದ ಬಳಕೆ ಕಾಣುತ್ತದೆ, ಅದನ್ನೇ ದಿನಾ ರಾತ್ರಿ ಬರೆದಿಟ್ಟುಕೊಂಡೆ. 84 ದಿನಕ್ಕೆ ನನಗೆ ಸಿಕ್ಕಿದ್ದು 126 ಜಿಬಿ. ಬಳಸಿದ್ದು 47. ಆಫೀಸಿನಲ್ಲಿ ವೈಫೈ, ಮನೆಯಲ್ಲೂ ಮೇಲಿನ ಮನೆಯವರ ಜೊತೆ ಹಂಚಿಕೊಂಡ ವೈಫೈ ಇತ್ತು. ಹಾಗಾಗಿ ಸುಮಾರು 40 ದಿನ ನಾನು ಅರ್ಧ ಜಿಬಿಯನ್ನೂ ಮುಟ್ಟಿರಲಿಲ್ಲ. ಆದರೆ ಅದೇ 84 ದಿನದಲ್ಲಿ 11 ದಿನ ಕೋಟಾ ಪೂರ್ತಿ ಖಾಲಿಯಾಗಿ ಪರದಾಡಿದ್ದೆ! 79 ಜಿಬಿ ಹಾಳಾಯಿತು, ಆದರೂ 11 ದಿನ ಡೇಟಾ ಸಾಲಲಿಲ್ಲ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅಂದರೆ, ದಿನದ ಲೆಕ್ಕಕ್ಕೆ ಕತ್ತರಿಸಿ ಕೊಡುವುದರಿಂದ. ಪೂರ್ತಿ ಬಳಸುವವರಿಗೆ ₹859ರಲ್ಲಿ ಒಂದು ಜಿಬಿಗೆ ₹7 ಕೂಡ ಬೀಳುವುದಿಲ್ಲ. ನನಗೆ ಬಿದ್ದದ್ದು ₹18.

ಆ 11 ದಿನಗಳಲ್ಲಿ ಒಂದು ದಿನದ ಕಥೆ ಹೇಳಲೇಬೇಕು. ಭಾನುವಾರ, ಹೊಸನಗರದಿಂದ ರಾತ್ರಿ ಬಸ್ಸು. ಆರ್‌ಸಿಬಿ ಮ್ಯಾಚ್ ಇತ್ತು, ಹತ್ತಿದ ತಕ್ಷಣ ಹಾಕಿಕೊಂಡೆ. ರಿಪ್ಪನ್‌ಪೇಟೆ ದಾಟಿ ಆಯನೂರು ಬರುವಷ್ಟರಲ್ಲಿ 90 ಶೇಕಡಾ ಮುಗಿದಿದೆ ಅಂತ ಮೆಸೇಜು. ಶಿವಮೊಗ್ಗ ಬರುವ ಮೊದಲೇ ಮ್ಯಾಚ್ ನಿಂತಿತು. ಪರವಾಗಿಲ್ಲ, ಹೇಗೂ ಸೋಲುವ ಹಾಗಿತ್ತು ಅಂತ ನಿದ್ದೆ ಮಾಡಿದೆ.

ಕಡೂರು ದಾಟಿದ ಮೇಲೆ ಒಂದು ಹೋಟೆಲ್ ಮುಂದೆ ಬಸ್ ನಿಂತಿತು. ಒಂದು ಟೀ, ಒಂದು ಬನ್, ಜೊತೆಗೆ ನೀರಿನ ಬಾಟ್ಲಿ ತಗೊಂಡೆ. ₹40. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಚಕ್ರ ತಿರುಗುತ್ತಲೇ ಇದೆ. ಆಪ್ ಮುಚ್ಚಿ ತೆಗೆದೆ, ಈ ಸಲ ಅದು ತೆರೆಯಲೇ ಇಲ್ಲ. ಪರ್ಸಿನಲ್ಲಿ ಇದ್ದದ್ದು 500ರ ಒಂದೇ ನೋಟು. "ಚಿಲ್ಲರೆ ಇಲ್ಲ ಸರ್, ಫೋನ್‌ಪೇ ಮಾಡಿ" ಅಂದ ಅಂಗಡಿಯವನು. ಸರಿ, ₹20ರ ಆಸುಪಾಸಿನ ಒಂದು ದಿನದ ಡೇಟಾ ಪ್ಯಾಕ್ ಹಾಕಿಸೋಣ ಅಂದರೆ ಅದಕ್ಕೂ ಅದೇ ಆಪ್ ತೆರೆಯಬೇಕು, ಅದಕ್ಕೂ ಯುಪಿಐ ಬೇಕು. ಡೇಟಾ ಕೊಳ್ಳಲು ಡೇಟಾ ಬೇಕು! ಡ್ರೈವರ್ ಹಾರ್ನ್ ಹೊಡೆಯಲು ಶುರು ಮಾಡಿದ. ನಾನು ಗೋಡೆ ಗಡಿಯಾರ ನೋಡಿದೆ, 12ಕ್ಕೆ ಎರಡು ನಿಮಿಷ ಬಾಕಿ. ಟೀ ಕುಡಿಯುವ ನಾಟಕ ಮಾಡುತ್ತಾ ನಿಂತೆ. 12 ಹೊಡೆಯಿತು, ಹೊಸ ದಿನದ 1.5 ಜಿಬಿ ಬಂತು. ಅಂಗಡಿಯ ಡಬ್ಬಿ 40 ರೂಪಾಯಿ ಬಂತು ಅಂತ ಕೂಗಿತು. ಓಡಿ ಬಸ್ ಹತ್ತಿದೆ. ಬೆಂಗಳೂರು ಮುಟ್ಟುವವರೆಗೆ ನಿದ್ದೆಯಲ್ಲಿದ್ದೆ, ಆ ದಿನದ ಕೋಟಾದಲ್ಲಿ 1 ಜಿಬಿಗಿಂತ ಜಾಸ್ತಿ ಹಾಗೇ ಉಳಿಯಿತು.

ನ್ಯಾಯವಾಗಿ ಹೇಳಬೇಕೆಂದರೆ, ದಿನದ ಕೋಟಾದಲ್ಲಿ ಒಂದು ಅನುಕೂಲವೂ ಇದೆ. ಎಷ್ಟೇ ಹುಚ್ಚಾಟ ಆಡಿದರೂ ನಾಳೆ ಬೆಳಗ್ಗೆ ಮತ್ತೆ ಡೇಟಾ ಇರುತ್ತದೆ. ತಿಂಗಳ ಕೊನೆಯ ವಾರ ಪೂರ್ತಿ ಒಣಗಿ ಕೂರುವ ಪರಿಸ್ಥಿತಿ ಬರುವುದಿಲ್ಲ. ಮಕ್ಕಳ ಕೈಗೆ ಫೋನ್ ಕೊಡುವವರಿಗೆ ಇದೇ ಒಳ್ಳೆಯದು ಅನ್ನುತ್ತಾಳೆ ನನ್ನ ಅಕ್ಕ. ಅವಳ ಮಗನಿಗೆ ಕೋಟಾ ಮುಗಿದರೆ ಆಟ ಮುಗಿಯಿತು ಅಂತ ಲೆಕ್ಕ, ಅವಳು ಕೂಗಾಡುವುದು ತಪ್ಪಿದೆ. ನನ್ನ ಸಹೋದ್ಯೋಗಿಯೊಬ್ಬರದು ವಿಐ (ವೊಡಾಫೋನ್ ಐಡಿಯಾ) ಸಿಮ್. ಅದರ ಕೆಲವು ಪ್ಲಾನ್‌ಗಳಲ್ಲಿ ವಾರದ ದಿನಗಳಲ್ಲಿ ಉಳಿದ ಡೇಟಾ ಶನಿವಾರ ಭಾನುವಾರಕ್ಕೆ ಸೇರುತ್ತದೆ. ನನ್ನಂಥವನಿಗೆ ಹೇಳಿ ಮಾಡಿಸಿದ ಸೌಲಭ್ಯ ಅದು. ಬೇರೆಯವರು ಯಾಕೆ ಕೊಡುವುದಿಲ್ಲವೋ.

ಆಮೇಲೆ ಮನೆ ಬದಲಿಸಿದೆ. ಹೊಸ ಮನೆಗೆ ಬ್ರಾಡ್‌ಬ್ಯಾಂಡ್ ಬರಲು ತಡವಾಯಿತು. ಓನರ್ ಗೋಡೆ ಕೊರೆಯಲು ಬಿಡಲಿಲ್ಲ, ಅದೊಂದು ಬೇರೆ ರಾಮಾಯಣ. ಆಗ ಅನ್‌ಲಿಮಿಟೆಡ್ 5ಜಿ ಕಡೆ ಬಂದೆ. 5ಜಿ ನಮ್ಮ ದೇಶದಲ್ಲಿ ಶುರುವಾದದ್ದು ಅಕ್ಟೋಬರ್ 2022ರಲ್ಲಿ. ಮೊದಮೊದಲು ಚಿಕ್ಕ ಪ್ಲಾನ್‌ಗಳಿಗೂ ಲೆಕ್ಕವಿಲ್ಲದೆ ಕೊಡುತ್ತಿದ್ದರು. ಜುಲೈ 2024ರ ನಂತರ ಜಿಯೋ, ಏರ್‌ಟೆಲ್ ಎರಡರಲ್ಲೂ ಸಾಮಾನ್ಯವಾಗಿ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪ್ಲಾನ್ ಇದ್ದರೆ ಮಾತ್ರ. ನನಗೆ 84 ದಿನಕ್ಕೆ ₹120 ಜಾಸ್ತಿ ಆಯಿತು.

ಆರು ತಿಂಗಳು ಅದೇ ನಮ್ಮ ಮನೆಯ ಇಂಟರ್‌ನೆಟ್. ಫೋನಿನಿಂದ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪ್, ಟಿವಿ ಎರಡೂ ಓಡಿಸಿದೆವು. ಹೆಂಡತಿ ಎರಡು ಧಾರಾವಾಹಿ ಮೊದಲಿನಿಂದ ನೋಡಿ ಮುಗಿಸಿದಳು. ₹120ಕ್ಕೆ ಇದಕ್ಕಿಂತ ಇನ್ನೇನು ಬೇಕು? ಮನೆಯಲ್ಲಿ ವೈಫೈ ಇಲ್ಲದವರು, ಪಿಜಿಯಲ್ಲಿ ಇರುವವರು ಮುಂದೆ ಓದುವ ಅಗತ್ಯವೇ ಇಲ್ಲ, ಮನೆ ಒಳಗೆ 5ಜಿ ಸಿಗುತ್ತದಾ ನೋಡಿ, ಇದನ್ನೇ ಹಾಕಿಸಿ.

ತೊಂದರೆ ಎಲ್ಲಿ ಅಂದರೆ, ಅನ್‌ಲಿಮಿಟೆಡ್ ಇರುವುದು 5ಜಿ ಸಿಕ್ಕಿದಾಗ ಮಾತ್ರ. ನಮ್ಮ ಹಾಲ್‌ನಲ್ಲಿ 5ಜಿ, ಮಲಗುವ ಕೋಣೆಯಲ್ಲಿ 4ಜಿ. ಫೋನ್ ಸದ್ದಿಲ್ಲದೆ ಬದಲಾಗುತ್ತದೆ. ಬದಲಾದ ಕೂಡಲೇ ಮೀಟರ್ ಓಡಲು ಶುರು, ದಿನದ 2 ಜಿಬಿಯಲ್ಲಿ ಕಡಿತ. ಟಿವಿಯಲ್ಲಿ ಸಿನಿಮಾ ಓಡುತ್ತಿರುವಾಗ ಯಾರದೋ ಕಾಲ್ ಬಂತು ಅಂತ ನಾನು ಫೋನ್ ತಗೊಂಡು ಕೋಣೆಗೆ ಹೋದರೆ, ಹಾಲ್‌ನಿಂದ ಹೆಂಡತಿಯ ಕೂಗು. ಕೊನೆಗೆ ಫೋನಿಗೆ ಟಿವಿ ಪಕ್ಕದ ಕಿಟಕಿಯಲ್ಲಿ ಒಂದು ಕಾಯಂ ಜಾಗ ಕೊಟ್ಟೆವು, ದೇವರ ಫೋಟೋ ಇಟ್ಟ ಹಾಗೆ. ಸಂಜೆಯೆಲ್ಲ ಹಾಟ್‌ಸ್ಪಾಟ್ ಓಡಿ ಫೋನ್ ದೋಸೆ ಕಾವಲಿ ಥರ ಬಿಸಿಯಾಗುತ್ತಿತ್ತು. ಊರಿಗೆ ಹೋದರಂತೂ ಈ ಪ್ಲಾನ್ ಬರೀ 2 ಜಿಬಿಯ ಪ್ಲಾನ್, ಅಲ್ಲಿ 5ಜಿ ಇಲ್ಲ.

ಇನ್ನೊಂದು ವಿಷಯ ನನ್ನ ಬಗ್ಗೆಯೇ. ಮೀಟರ್ ಇಲ್ಲ ಅಂತ ಗೊತ್ತಾದ ಮೇಲೆ ನಾನು ಏನೇನು ನೋಡಿದೆ ಅಂತ ನನಗೇ ನೆನಪಿಲ್ಲ. ರಾತ್ರಿ ಒಂದು ಗಂಟೆಗೆ ಯಾರೋ ಬೋರ್‌ವೆಲ್ ಕೊರೆಯುವ ವಿಡಿಯೋ ನೋಡುತ್ತಾ ಕೂತಿದ್ದೆ. ಇದಕ್ಕೆ ಪ್ಲಾನ್ ಅನ್ನು ಬೈಯುವುದು ಸರಿಯಲ್ಲ, ಬಿಡಿ.

ಬ್ರಾಡ್‌ಬ್ಯಾಂಡ್ ಬಂದ ಮೇಲೆ ಪೋಸ್ಟ್‌ಪೇಯ್ಡ್‌ಗೆ ಬದಲಿಸಿದೆ. ತಿಂಗಳಿಗೆ ₹449, ಒಟ್ಟು 50 ಜಿಬಿ, ಉಳಿದದ್ದು ಮುಂದಿನ ತಿಂಗಳಿಗೆ ಸೇರುತ್ತದೆ. ಈಗ ಒಂಬತ್ತು ತಿಂಗಳಾಯಿತು. ಭಾನುವಾರ ಬಸ್ಸಿನಲ್ಲಿ ಮೂರು ಜಿಬಿ ಸುಟ್ಟರೂ ಚಿಂತೆಯಿಲ್ಲ, ಸೋಮವಾರದಿಂದ ಆಫೀಸಿನ ವೈಫೈ ಇದ್ದೇ ಇದೆ. ಪ್ರೀಪೇಯ್ಡ್‌ನಲ್ಲಿ 28 ದಿನದ 'ತಿಂಗಳು' ಅಂತ ಹೇಳಿ ವರ್ಷಕ್ಕೆ 13 ಸಲ ರೀಚಾರ್ಜ್ ಮಾಡಿಸುತ್ತಾರಲ್ಲ, ಆ ಕಿರಿಕಿರಿಯೂ ಇಲ್ಲ. ಇಲ್ಲಿ ತಿಂಗಳು ಅಂದರೆ ತಿಂಗಳು.

ಆದರೆ ದುಬಾರಿ. ಪ್ರೀಪೇಯ್ಡ್ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ಪೋಸ್ಟ್‌ಪೇಯ್ಡ್‌ನಲ್ಲಿ 18 ಶೇಕಡಾ ಮೇಲಿನಿಂದ ಹಾಕುತ್ತಾರೆ. ಮೊದಲ ಬಿಲ್ಲು ₹530 ಬಂದಾಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಜಗಳಕ್ಕೆ ನಿಂತಿದ್ದೆ. ತಪ್ಪು ನನ್ನದೇ, ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು. ಹಳೆಯ ₹859ನ್ನು 30 ದಿನಕ್ಕೆ ಇಳಿಸಿದರೆ ₹307 ಆಗುತ್ತದೆ. ಅಂದರೆ ತಿಂಗಳಿಗೆ ₹220ರಷ್ಟು ಜಾಸ್ತಿ ಕೊಡುತ್ತಿದ್ದೇನೆ, ಅದೂ ಹೆಚ್ಚು ಕಡಿಮೆ ಅಷ್ಟೇ ಡೇಟಾಗೆ. ನಾನು ಕೊಡುವುದು ತಲೆನೋವು ತಪ್ಪಿದ್ದಕ್ಕೆ ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ. ಹೆಂಡತಿ ಒಪ್ಪುವುದಿಲ್ಲ. ಅವಳದು ಈಗಲೂ ದಿನಕ್ಕೆ 1.5 ಜಿಬಿ, ಮತ್ತು ಅವಳಿಗೆ ಒಂದು ದಿನವೂ ಖಾಲಿಯಾಗಿಲ್ಲ.

ಇನ್ನು ಅಮ್ಮನ ಫೋನು. ಅದಕ್ಕೂ ಮೊದಲು ದಿನಕ್ಕೆ 1.5 ಜಿಬಿಯ ಪ್ಲಾನನ್ನೇ ಹಾಕಿಸುತ್ತಿದ್ದೆ. ಇಲ್ಲಿ ನಾನು ಜಾಸ್ತಿ ತಪ್ಪು ಮಾಡಿದ್ದೇನೆ.

ಊರ ಮನೆಯಲ್ಲಿ ಸಿಗ್ನಲ್ ಬರುವುದು ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆಯಲ್ಲಿ. ಅಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಕಾಯಂ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರ್ ಕೂಡ ಹೋಗುತ್ತದೆ, ಒಮ್ಮೊಮ್ಮೆ ಎರಡು ಮೂರು ದಿನ. ಆ ದಿನಗಳ 1.5 ಜಿಬಿಯೂ ಲೆಕ್ಕಕ್ಕೆ ಸಿಕ್ಕಿದ ಡೇಟಾವೇ! ಸಾಲದ್ದಕ್ಕೆ ಅಮ್ಮ ಪ್ರತಿ ಸಲ ನೋಡಿದ ಮೇಲೆ ಡೇಟಾ ಆಫ್ ಮಾಡುತ್ತಾಳೆ. ಯಾಕಮ್ಮ ಅಂದರೆ "ಸುಮ್ನೆ ಓಡ್ತಾ ಇರ್ತದಲ್ಲ ಮಾರಾಯ" ಅನ್ನುತ್ತಾಳೆ, ನಲ್ಲಿ ತಿರುಗಿಸಿ ಬಂದವರ ಹಾಗೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬರುವ ಮೊದಲು ನಾವೆಲ್ಲ ಹಾಗೇ ಇದ್ದೆವು. ₹250 ಕೊಟ್ಟು 1 ಜಿಬಿ ಹಾಕಿಸಿ ಅದನ್ನು ತಿಂಗಳಿಡೀ ಉಪ್ಪಿನಕಾಯಿ ಥರ ನೆಕ್ಕುತ್ತಿದ್ದೆವು. 2017ರಲ್ಲಿ ₹309ಕ್ಕೆ 84 ದಿನ, ದಿನಕ್ಕೆ 1 ಜಿಬಿ ಬಂದ ಮೇಲೆ ನಮ್ಮ ಅಭ್ಯಾಸ ಬದಲಾಯಿತು. ಅಮ್ಮನದು ಬದಲಾಗಲಿಲ್ಲ.

ಫೋನ್ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ ಟ್ರಾಯ್ ಡಿಸೆಂಬರ್ 2024ರಲ್ಲಿ, ಡೇಟಾ ಬೇಡದವರಿಗೆ ಕಾಲ್ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲಾನ್ ಕೊಡಲೇಬೇಕು ಅಂತ ನಿಯಮ ಮಾಡಿತು. ಮುಂದಿನ ತಿಂಗಳೇ ಬಂದವು. ಬುದ್ಧಿವಂತನ ಹಾಗೆ ಅಮ್ಮನಿಗೆ ಅದನ್ನೇ ಹಾಕಿಸಿದೆ. ನಾಲ್ಕನೇ ದಿನ ಫೋನ್ ಬಂತು. ಮೊಮ್ಮಗನ ಫೋಟೋ ಬರುತ್ತಿಲ್ಲ, ಅಡಿಕೆ ರೇಟು ಬರುವ ಗ್ರೂಪೂ ಸತ್ತಿದೆ, "ನನ್ನ ಫೋನಿಗೆ ಏನು ಮಾಡಿಟ್ಟೆ?" ಡೇಟಾ ಕಡಿಮೆ ಬೇಕು ಅನ್ನುವುದಕ್ಕೂ ಬೇಡ ಅನ್ನುವುದಕ್ಕೂ ಇರುವ ವ್ಯತ್ಯಾಸ ನನಗೆ ಆವತ್ತು ತಿಳಿಯಿತು.

ಆಮೇಲೆ 84 ದಿನಕ್ಕೆ ಒಟ್ಟು 6 ಜಿಬಿ ಕೊಡುವ ಪ್ಲಾನ್ ಹುಡುಕಿದೆ, ₹500ರ ಆಸುಪಾಸು. ಇಂಥವನ್ನು ಆಪ್‌ನಲ್ಲಿ ಮೇಲೆ ತೋರಿಸುವುದಿಲ್ಲ, ದಿನದ ಪ್ಲಾನ್‌ಗಳನ್ನೆಲ್ಲ ದಾಟಿ ಕೆಳಗೆ ಹೋಗಬೇಕು. ವಯಸ್ಸಾದವರ ಫೋನಿಗೆ ರೀಚಾರ್ಜ್ ಮಾಡುವವರು ದಯವಿಟ್ಟು ಕೆಳಗಿನವರೆಗೆ ಹೋಗಿ ನೋಡಿ. ಬೆಲೆಗಳು ಆಗಾಗ ಬದಲಾಗುತ್ತವೆ, ಹೆಸರುಗಳೂ.

ಹೋದ ವಾರ ಅಮ್ಮನ ಅವಧಿ ಮುಗಿಯಲು ಒಂಬತ್ತು ದಿನ ಬಾಕಿ ಇತ್ತು. ಎಷ್ಟು ಉಳಿದಿದೆ ನೋಡಿದೆ, 3.8 ಜಿಬಿ. ಅಮ್ಮನಿಗೆ ಹೇಳಿದೆ, ಧಾರಾಳವಾಗಿ ನೋಡು, ಆಫ್ ಮಾಡಬೇಡ ಅಂತ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: "ಉಳಿದದ್ದು ನಿನಗೆ ಕಳಿಸಲಿಕ್ಕೆ ಬರ್ತದಾ? ಬಸ್ಸಲ್ಲಿ ಖಾಲಿ ಆಗ್ತದೆ ಅಂತಿದ್ದೆಯಲ್ಲ."