ಕಡಿಮೆ ಬೆಲೆಯ ನಾಲ್ಕು ಮೆರ್ಲೊ: ಗುಟುಕಿಗೆ ಒಂದು, ಊಟಕ್ಕೆ ಇನ್ನೊಂದು

ಕೆಂಪು ವೈನ್ ಹೊಸದಾಗಿ ಕುಡಿಯುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಮೆರ್ಲೊ ದ್ರಾಕ್ಷಿಯ ವೈನ್ ತಗೊಳ್ಳಿ, ಮೃದುವಾಗಿರುತ್ತದೆ. ಮಾತು ಸುಳ್ಳಲ್ಲ. ಆದರೆ ಕಡಿಮೆ ಬೆಲೆಯ ಮೆರ್ಲೊ ಬೇಸರ ತರಿಸುವುದೂ ಆ ಮೃದುತನದಿಂದಲೇ. ಹುಳಿ ಕಮ್ಮಿ, ಒಗರು ಕಮ್ಮಿ, ಹಣ್ಣಿನ ಘಮ ಜಾಸ್ತಿ. ಮೊದಲ ಗುಟುಕಿಗೆ ಭೇಷ್ ಅನಿಸುತ್ತದೆ, ಅರ್ಧ ಗ್ಲಾಸ್ ಮುಗಿಯುವ ಹೊತ್ತಿಗೆ ಸಾಕಪ್ಪಾ ಅನಿಸುತ್ತದೆ. ಅದಕ್ಕೇ ಈ ಸಲ ನಾಲ್ಕು ಬಾಟಲಿಗಳನ್ನು ಬರೀ ಗುಟುಕಿನಲ್ಲಿ ಅಳೆಯಲಿಲ್ಲ. ಮೊದಲು ಸುಮ್ನೆ ವೈನ್ ಮಾತ್ರ, ಆಮೇಲೆ ಊಟದ ಜೊತೆ, ಉಳಿದಿದ್ದನ್ನು ಮಾರನೇ ದಿನ.

ಒಂದು ಚಿಲಿ ದೇಶದ ಸೆಂಟ್ರಲ್ ವ್ಯಾಲಿಯದು. ಒಂದು ಆಸ್ಟ್ರೇಲಿಯಾದ್ದು. ಒಂದು ನಮ್ಮ ನಂದಿ ಬೆಟ್ಟದ ಸೀಮೆಯದು. ಇವು ಮೂರೂ ಬೆಂಗಳೂರಿನ ಅಂಗಡಿಯಲ್ಲಿ ಎರಡು ಸಾವಿರದೊಳಗೆ ಸಿಕ್ಕವು. ನಾಲ್ಕನೆಯದು ಫ್ರಾನ್ಸಿನ ಬೋರ್ಡೋ ಸೀಮೆಯದು, ಬಾಮೈದ ಬರುವಾಗ ಡ್ಯೂಟಿ ಫ್ರೀಯಲ್ಲಿ ತಂದದ್ದು. ಲೇಬಲ್‌ಗಳ ಹೆಸರು ಬರೆಯುತ್ತಿಲ್ಲ. ಈ ಮಟ್ಟದ ವೈನಿನಲ್ಲಿ ಬ್ರ್ಯಾಂಡಿಗಿಂತ ಊರು ಮತ್ತು ವರ್ಷವೇ ಹೆಚ್ಚು ಹೇಳುತ್ತವೆ. ಮೇಲಾಗಿ ನೀವು ಹೋದ ದಿನ ಅಂಗಡಿಯಲ್ಲಿ ಅದೇ ಬ್ರ್ಯಾಂಡ್ ಇರುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ.

ಬೆಲೆ ನೋಡಿ ಹೋಲಿಸುವಾಗ ಒಂದು ವಿಷಯ ತಲೆಯಲ್ಲಿರಲಿ. ವಿದೇಶಿ ವೈನಿಗೆ ನಮ್ಮಲ್ಲಿ ಬಹಳ ಕಾಲ ಶೇ. 150 ಆಮದು ಸುಂಕವಿತ್ತು. ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದ 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಮೇಲೆ, 5ರಿಂದ 15 ಅಮೆರಿಕನ್ ಡಾಲರ್ ಬೆಲೆಯ ಅಲ್ಲಿನ ಬಾಟಲಿಗೆ ಸುಂಕ ಮೊದಲ ಹಂತದಲ್ಲಿ ಶೇ. 100ಕ್ಕೆ ಇಳಿಯಿತು. ಅದೂ ಕಮ್ಮಿಯೇನಲ್ಲ. ಅಂದರೆ ಅಲ್ಲಿ ಸೂಪರ್ ಮಾರ್ಕೆಟ್ಟಿನ ಕೆಳಗಿನ ಸಾಲಿನಲ್ಲಿ ನಿಲ್ಲುವ ವೈನ್ ಇಲ್ಲಿ ಮೇಲಿನ ಸಾಲಿಗೆ ಹತ್ತಿರುತ್ತದೆ. ಇಲ್ಲಿನದ್ದೂ ಅಲ್ಲಿನದ್ದೂ ಒಂದೇ ಬೆಲೆ ಅಂದ ಮಾತ್ರಕ್ಕೆ ಒಂದೇ ದರ್ಜೆ ಅಂದುಕೊಳ್ಳಬೇಡಿ.

ಬಾಟಲಿಗಳಿಗೆ ನ್ಯೂಸ್ ಪೇಪರ್ ಸುತ್ತಿ, ನಂಬರ್ ಬರೆದು, ಬಗ್ಗಿಸುವ ಕೆಲಸವನ್ನು ಹೆಂಡತಿಗೆ ಬಿಟ್ಟೆವು. ಕುಡಿದು ಹೇಳುವವರು ನಾನು, ಬಾಮೈದ ಮತ್ತು ಪಕ್ಕದ ಮನೆಯ ಸ್ನೇಹಿತ. ಅದಕ್ಕೂ ಮೊದಲು ನಾಲ್ಕೂ ಬಾಟಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿದ್ದವು. ಕೆಂಪು ವೈನನ್ನು ರೂಮ್ ಟೆಂಪರೇಚರಿನಲ್ಲಿ ಕುಡಿಯಬೇಕು ಅನ್ನುವುದು ಯುರೋಪಿನ ತಣ್ಣನೆ ಮನೆಗಳ ಲೆಕ್ಕ. ಮೆರ್ಲೊಗೆ 16ರಿಂದ 18 ಡಿಗ್ರಿ ಸಾಕು. ಬೇಸಿಗೆಯಲ್ಲಿ ನಮ್ಮ ಅಡುಗೆಮನೆಯ ಕಟ್ಟೆ ಮೇಲಿದ್ದ ಬಾಟಲಿಯನ್ನು ಹಾಗೇ ತೆರೆದರೆ ಮೂಗಿಗೆ ಮೊದಲು ಹೊಡೆಯುವುದು ಆಲ್ಕೋಹಾಲ್, ಹಣ್ಣಲ್ಲ.

ಮೊದಲ ಸುತ್ತಿನಲ್ಲಿ ಆಸ್ಟ್ರೇಲಿಯಾ ಆರಾಮಾಗಿ ಗೆದ್ದಿತು. ಬಣ್ಣ ಗಾಢ, ಘಮ ಧಾರಾಳ. ನೇರಳೆ ಹಣ್ಣು, ಜಾಮ್, ಹಿಂದೆ ಸ್ವಲ್ಪ ವೆನಿಲಾ. ವೆನಿಲಾ ಬರುವುದು ಓಕ್ ಮರದಿಂದ. ಈ ಬೆಲೆಯಲ್ಲಿ ಎಷ್ಟೋ ಸಲ ಪೀಪಾಯಿ ಇರುವುದಿಲ್ಲ, ತೊಟ್ಟಿಗೆ ಓಕ್ ಚೂರು ಹಾಕಿರುತ್ತಾರೆ. ತಪ್ಪೇನಿಲ್ಲ, ರುಚಿಯಾಗಿಯೇ ಇತ್ತು. ಬಾಮೈದ ಮಾತ್ರ ಎರಡನೇ ಗುಟುಕಿಗೇ, "ಭಾವ, ಇದಕ್ಕೇನಾದ್ರೂ ಸಕ್ಕರೆ ಹಾಕಿದಾರಾ?" ಅಂದ. ಹಾಕಿರಲಿಕ್ಕಿಲ್ಲ. ಹಣ್ಣು ಚೆನ್ನಾಗಿ ಬಲಿತು, ಹುಳಿ ಇಳಿದುಹೋದರೆ ನಾಲಿಗೆಗೆ ಹಾಗೆ ಅನಿಸುತ್ತದೆ. ಮೆರ್ಲೊ ತಳಿಯ ಸ್ವಭಾವವೇ ಅದು. ಕ್ಯಾಬರ್ನೆ ಸೋವಿನ್ಯೋನ್ ಅನ್ನುವ ಕೆಂಪು ವೈನಿನ ದ್ರಾಕ್ಷಿಗಿಂತ ಒಂದೆರಡು ವಾರ ಮೊದಲೇ ಹಣ್ಣಾಗುತ್ತದೆ, ಸಿಪ್ಪೆ ತೆಳು, ಸಕ್ಕರೆ ಬೇಗ ಏರುತ್ತದೆ. ಬಿಸಿಲಿನ ಸೀಮೆಯಲ್ಲಿ ಕಟಾವು ನಾಲ್ಕು ದಿನ ತಡವಾದರೂ ಹುಳಿ ಕೈತಪ್ಪಿತು ಅಂತಲೇ ಲೆಕ್ಕ. ಮದುವೆ ಮನೆಯ ಬಾಗಿಲಲ್ಲಿ ಕೈ ಹಿಡಿದು ಮಾತಾಡಿಸಿ, ಊಟಕ್ಕೆ ಕೂರುವಾಗ ಕಾಣದೇ ಹೋಗುವ ನೆಂಟರಿರುತ್ತಾರಲ್ವಾ, ಈ ಬಾಟಲಿಯದ್ದೂ ಅದೇ ಕತೆ.

ಚಿಲಿಯ ಬಾಟಲಿ ನನಗೆ ಹೆಚ್ಚು ಹಿಡಿಸಿತು. ಗ್ಲಾಸ್ ತಿರುಗಿಸಿ ಮೂಗಿಟ್ಟ ಕೂಡಲೇ ಹಣ್ಣಿನ ಜೊತೆಗೆ ಹಸಿ ದಪ್ಪಮೆಣಸಿನಕಾಯಿ ಹೆಚ್ಚಿದಾಗ ಬರುವ ವಾಸನೆ. ಸ್ನೇಹಿತ ಮುಖ ಸಿಂಡರಿಸಿ "ಪಲ್ಯ ಮಾಡಿದಂಗಿದೆ" ಅಂದ. ಈ ಹಸಿರು ವಾಸನೆಗೆ ಚಿಲಿಯಲ್ಲಿ ಒಂದು ಚರಿತ್ರೆಯೇ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಬೋರ್ಡೋದಿಂದ ಅಲ್ಲಿಗೆ ಬಳ್ಳಿಗಳು ಹೋದವು. ಆಮೇಲೆ ಫಿಲಾಕ್ಸೆರಾ ಅನ್ನುವ ಬೇರಿನ ಹೇನು ಬಿದ್ದು ಫ್ರಾನ್ಸಿನ ತೋಟಗಳು ಹಾಳಾದಾಗ, ಕಾರ್ಮೆನೇರ್ ಅನ್ನುವ ತಳಿ ಬೋರ್ಡೋದಿಂದ ಹೆಚ್ಚುಕಮ್ಮಿ ಮಾಯವೇ ಆಯಿತು. ಚಿಲಿಯಲ್ಲಿ ಅದು ಮೆರ್ಲೊ ತೋಟದ ನಡುವೆಯೇ ಬೆಳೆಯುತ್ತಿತ್ತು, ಎಲ್ಲರೂ ಅದನ್ನು ಮೆರ್ಲೊ ಅಂತಲೇ ಕೀಳುತ್ತಿದ್ದರು, ಮೆರ್ಲೊ ಅಂತಲೇ ಮಾರುತ್ತಿದ್ದರು. 1994ರಲ್ಲಿ ಫ್ರಾನ್ಸಿನ ದ್ರಾಕ್ಷಿ ತಜ್ಞ ಜಾನ್-ಮಿಶೆಲ್ ಬುರ್ಸಿಕೊ ಮೈಪೊ ಕಣಿವೆಯ ತೋಟವೊಂದರಲ್ಲಿ ನೋಡಿ, ಇದು ಮೆರ್ಲೊ ಅಲ್ಲ, ಕಾರ್ಮೆನೇರ್ ಅಂದರು. ಕಾರ್ಮೆನೇರ್ ಹಣ್ಣಾಗುವುದು ಮೆರ್ಲೊಗಿಂತ ಮೂರು ನಾಲ್ಕು ವಾರ ತಡ. ಎರಡನ್ನೂ ಒಟ್ಟಿಗೆ ಕೊಯ್ದರೆ ಒಂದು ಮಾಗಿರುತ್ತದೆ, ಇನ್ನೊಂದು ಹಸಿಯಾಗಿರುತ್ತದೆ. ಈಗ ತಳಿಗಳನ್ನು ಬೇರೆ ಮಾಡಿದ್ದಾರೆ. ನಮ್ಮ ಬಾಟಲಿಯಲ್ಲಿ ಆ ವಾಸನೆ ಬಂದದ್ದು ಬೆರಕೆಯಿಂದಲೋ, ಬೇಗ ಕೊಯ್ದದ್ದರಿಂದಲೋ ಗ್ಲಾಸ್ ನೋಡಿ ಹೇಳಲಾಗುವುದಿಲ್ಲ. ಕಾಲು ಗಂಟೆ ಗಾಳಿಗೆ ಬಿಟ್ಟ ಮೇಲೆ ವಾಸನೆ ತಗ್ಗಿತು, ಕೆಳಗಿದ್ದ ಹುಳಿ ಸಿಹಿ ಹಣ್ಣು ಮೇಲೆ ಬಂತು.

ನಂದಿಯ ಬಾಟಲಿ ತೆಳು. ಗ್ಲಾಸ್ ಹಿಂದೆ ಬಿಳಿ ಹಾಳೆ ಹಿಡಿದರೆ ಅಂಚಿನಲ್ಲಿ ನಿಮ್ಮ ಬೆರಳು ಕಾಣುವಷ್ಟು. ಘಮ ನಿಧಾನ, ಹುಳಿ ಮಾತ್ರ ಲವಲವಿಕೆಯಿಂದ ಇತ್ತು. ಅದು ನನಗೆ ಆಶ್ಚರ್ಯ ತಂದಿತು, ಏಕೆಂದರೆ ನಮ್ಮಲ್ಲಿ ಕಟಾವು ಬರುವುದೇ ಬಿಸಿಲು ಏರುವ ಫೆಬ್ರವರಿ, ಮಾರ್ಚಿನಲ್ಲಿ. ಆ ಸೀಮೆಯ ಬಯಲೇ 900 ಮೀಟರಿನ ಆಸುಪಾಸು ಎತ್ತರದಲ್ಲಿದೆ, ರಾತ್ರಿ ತಂಪಿರುತ್ತದೆ. ಹುಳಿ ಉಳಿಯಲು ಅದು ನೆರವಾಗುತ್ತದೆ. ಆದರೂ ಮೆರ್ಲೊ ಇಲ್ಲಿ ರಾಜನಾಗಿಲ್ಲ. ಅಲ್ಲಿ 1988ರಲ್ಲಿ ಶುರುವಾದ ಗ್ರೋವರ್ ವೈನರಿಗೆ ಸಲಹೆಗಾರರಾಗಿ ಬಂದವರು ಫ್ರಾನ್ಸಿನ ವೈನ್ ತಜ್ಞ ಮಿಶೆಲ್ ರೋಲಾನ್. ಮೆರ್ಲೊಗೆ ಜಗತ್ತಿನಲ್ಲೇ ಹೆಸರಾದ, ಬೋರ್ಡೋದ ಪೊಮೆರೋಲ್ ಊರಿನಲ್ಲಿ ಅವರ ಕುಟುಂಬದ ತೋಟವಿತ್ತು. ಅಂಥವರು ಬಂದರೂ ಆ ವೈನರಿಗೆ ಹೆಸರು ತಂದದ್ದು ಕ್ಯಾಬರ್ನೆ ಮತ್ತು ಶಿರಾಜ್ ತಳಿಗಳನ್ನು ಬೆರೆಸಿದ ವೈನ್. ನೆಲ ಯಾವುದನ್ನು ಒಪ್ಪುತ್ತದೋ ಅದನ್ನೇ ಮಾಡಬೇಕಲ್ವಾ. ಒಂದು ಎಚ್ಚರಿಕೆ: ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ಪೋರ್ಟ್ ವೈನ್ ಕುಡಿದು ರೂಢಿಯಾದವರಿಗೆ ಈ ಬಾಟಲಿ ಬರೀ ಹುಳಿ ಅನಿಸೀತು.

ಬೋರ್ಡೋ ಬಾಟಲಿಯ ಮುಂದಿನ ಲೇಬಲ್ಲಿನಲ್ಲಿ ಮೆರ್ಲೊ ಅಂತ ಎಲ್ಲೂ ಇರಲಿಲ್ಲ, ಹಿಂದೆ ಸಣ್ಣಕ್ಷರದಲ್ಲಿತ್ತು. ಅಲ್ಲಿ ಅತಿ ಹೆಚ್ಚು ಬೆಳೆಯುವ ದ್ರಾಕ್ಷಿಯೇ ಮೆರ್ಲೊ. ಹಾಗಾಗಿ ಕಡಿಮೆ ಬೆಲೆಯ ಕೆಂಪು ಬೋರ್ಡೋ ಕೊಂಡರೆ ನೀವು ಬಹುಪಾಲು ಮೆರ್ಲೊವನ್ನೇ ಕುಡಿಯುತ್ತಿರುತ್ತೀರಿ. ಮೊದಲ ಸುತ್ತಿನಲ್ಲಿ ಮೂವರೂ ಇದಕ್ಕೆ ಕೊನೆಯ ಸ್ಥಾನ ಕೊಟ್ಟೆವು. ಒಗರು, ಬಿಗಿ, ಹಣ್ಣೂ ಕಮ್ಮಿ.

ಊಟ ಬಂತು. ಮಟನ್ ಸಾರು, ಮುದ್ದೆ, ಸ್ನೇಹಿತನಿಗೆ ಜೋಳದ ರೊಟ್ಟಿ ಮತ್ತು ಬದನೆಕಾಯಿ ಎಣ್ಣೆಗಾಯಿ. ಪಟ್ಟಿ ತಲೆಕೆಳಗಾಯಿತು. ಆಸ್ಟ್ರೇಲಿಯಾದ ವೈನ್ ಸಾರಿನ ಎದುರು ಬರೀ ಬಿಸಿಯಾಗಿ ಕಂಡಿತು. ಖಾರ ಬಿದ್ದ ಬಾಯಲ್ಲಿ ಆಲ್ಕೋಹಾಲ್ ಉರಿ ಇನ್ನೂ ಏರುತ್ತದೆ. ಲೇಬಲ್ ಮೇಲೆ ಆಲ್ಕೋಹಾಲ್ ಶೇ. 14ರ ಹತ್ತಿರ ಇದ್ದರೆ ಸಾರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬೋರ್ಡೋದ ಒಗರು ಮಾತ್ರ ಮಟನ್ ಕೊಬ್ಬಿಗೆ ಸರಿಯಾಗಿ ಕೂತಿತು. ಮೂಳೆ ಚೀಪಿದ ಮೇಲೆ ಒಂದು ಗುಟುಕು ಕುಡಿದರೆ ಬಾಯಿ ತೊಳೆದ ಹಾಗೆ, ಮತ್ತೆ ತುತ್ತಿಗೆ ಕೈ ಹೋಗುತ್ತಿತ್ತು. ಆದರೆ ಖಾರ ಜಾಸ್ತಿಯಿದ್ದ ತುತ್ತಿಗೆ ಅದೇ ಒಗರು ಕಹಿಗೆ ತಿರುಗಿತು.

ಎಣ್ಣೆಗಾಯಿಯ ಜೊತೆ ಚಿಲಿ ಎದ್ದು ನಿಂತಿತು. ಹುರಿದ ಶೇಂಗಾ, ಎಣ್ಣೆ, ಹುಣಸೆ, ಬೆಂದ ಬದನೆ, ಇವುಗಳ ನಡುವೆ ಆ ಹಸಿರು ವಾಸನೆ ದೋಷವಾಗಿ ಕಾಣಲೇ ಇಲ್ಲ. ಮುಖ ಸಿಂಡರಿಸಿದ್ದ ಸ್ನೇಹಿತನೇ ಎರಡನೇ ಸಲ ಗ್ಲಾಸ್ ಚಾಚಿದ. ನಂದಿಯದು ಎಲ್ಲದರ ಜೊತೆಗೂ ನಡೆಯಿತು, ಯಾವುದನ್ನೂ ಮೇಲೆತ್ತಲಿಲ್ಲ. ಸ್ವಲ್ಪ ಜಾಸ್ತಿ ತಣ್ಣಗೆ ಮಾಡಿ ಕುಡಿದಾಗ ಖಾರದ ಸಾರಿಗೆ ನಾಲ್ಕರಲ್ಲಿ ಅದೇ ಹಗುರ. ಬೆಲೆಯೂ ಅದರದ್ದೇ ಕಮ್ಮಿ, ಲೇಬಲ್ ಮೇಲಿನ ವರ್ಷವೂ ಅದರದ್ದೇ ಹೊಸದು.

ವರ್ಷ ನೋಡಿಯೇ ಕೊಳ್ಳಿ. ಈ ಬೆಲೆಯ ಮೆರ್ಲೊ ಇಟ್ಟು ಕಾಯುವ ವೈನ್ ಅಲ್ಲ, ಮೂರು ನಾಲ್ಕು ವರ್ಷದೊಳಗೆ ಮುಗಿಸುವಂಥದ್ದು. ಹಿಂದೊಮ್ಮೆ ಬೇರೊಂದು ಅಂಗಡಿಯಲ್ಲಿ, ಬಿಸಿಲು ಬೀಳುವ ಗಾಜಿನ ಪಕ್ಕ ನಿಲ್ಲಿಸಿದ್ದ ಬಾಟಲಿ ಸಿಕ್ಕಿತ್ತು. ಕಾರ್ಕ್ ಒಂದು ಗೆರೆಯಷ್ಟು ಮೇಲೆದ್ದಿತ್ತು, ಒಳಗೆ ಕುದಿಸಿದ ಒಣದ್ರಾಕ್ಷಿಯ ವಾಸನೆ. ಕಾರ್ಕ್ ಉಬ್ಬಿದ್ದರೆ, ಕುತ್ತಿಗೆಯಲ್ಲಿ ಜಿಗುಟಿದ್ದರೆ ಅಲ್ಲೇ ಬಿಟ್ಟು ಬನ್ನಿ. ಈ ದರ್ಜೆಗೆ ತಿರುಗಿಸಿ ತೆಗೆಯುವ ಮುಚ್ಚಳ ಕೀಳೇನಲ್ಲ, ನಾನಂತೂ ಅದನ್ನೇ ಹುಡುಕುತ್ತೇನೆ.

ಮುಚ್ಚಿ ಫ್ರಿಜ್ಜಿನಲ್ಲಿಟ್ಟಿದ್ದನ್ನು ಮಾರನೇ ದಿನ ಸಂಜೆ ನೋಡಿದೆವು. ಆಸ್ಟ್ರೇಲಿಯಾದ್ದು ಜಾಮ್ ಆಗಿತ್ತು, ನಂದಿಯದು ಸಪ್ಪೆ. ಚಿಲಿಯದು ಹಾಗೇ ಇತ್ತು. ಬೋರ್ಡೋದ ಒಗರು ಇಳಿದು, ಹಿಂದಿನ ದಿನ ಎಲ್ಲೋ ಅಡಗಿದ್ದ ಹಣ್ಣು ಈಗ ಕಾಣುತ್ತಿತ್ತು. ಆದರೆ ಅದು ಡ್ಯೂಟಿ ಫ್ರೀ ಬಾಟಲಿ, ಇಲ್ಲಿನ ಬೆಲೆ ಕೊಟ್ಟು ತರುವಷ್ಟಿಲ್ಲ. ನನ್ನ ದುಡ್ಡಿಗೆ ಚಿಲಿ. ಜನ ಜಾಸ್ತಿ ಬಂದು, ಊಟ ತಡವಾಗಿ, ಬರೀ ಕಡಲೆಕಾಯಿ ಮುಂದಿಟ್ಟುಕೊಂಡು ಕೂರುವ ದಿನ ಆಸ್ಟ್ರೇಲಿಯಾ. ಬಾಮೈದನಂತೂ ತನ್ನ ಮನೆಗೆ ನಂದಿಯದನ್ನೇ ಎರಡು ಬಾಟಲಿ ತರಿಸಿಕೊಂಡಿದ್ದಾನೆ. ಅವನ ಮನೆ ಸಾರಿನ ಖಾರಕ್ಕೆ ಅದೇ ಸರಿ.