ನ್ಯೂ ಆರ್ಲಿಯನ್ಸ್‌ನ ಮಳೆನೀರು ಪಂಪ್‌ಗಳು: ಯಂತ್ರಕ್ಕೆ ಪೂರ್ಣ ಅಂಕ, ವಿದ್ಯುತ್ತಿಗೆ ಅಲ್ಲ

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸುಮಾರು ಅರ್ಧಭಾಗ ಸಮುದ್ರಮಟ್ಟಕ್ಕಿಂತ ಕೆಳಗಿರುವುದರಿಂದ ಅಲ್ಲಿ ಬಿದ್ದ ಮಳೆ ತಾನಾಗಿ ಹರಿದುಹೋಗುವುದಿಲ್ಲ. ಅದನ್ನು ಮೇಲಕ್ಕೆತ್ತಿ, ಬಹುಪಾಲು ಪಾಂಚಟ್ರೇನ್ ಸರೋವರಕ್ಕೆ ಸೇರಿಸಬೇಕು. ಈ ಹೊಣೆ ಹೊತ್ತಿರುವ ಅಲ್ಲಿನ ಒಳಚರಂಡಿ ಮತ್ತು ಜಲ ಮಂಡಳಿಯ ಸೇವೆಯನ್ನೂ ಅದರ ಪಂಪಿಂಗ್ ಸ್ಟೇಷನ್‌ಗಳ ನವೀಕರಣವನ್ನೂ ತೂಗಿ ನೋಡಿದಾಗ, ಹಳೆಯದೆಲ್ಲವನ್ನೂ ಕಿತ್ತೆಸೆಯಬೇಕೆಂಬ ಅವಸರಕ್ಕೆ ಆಧಾರ ಸಿಗುವುದಿಲ್ಲ.

ಮಂಡಳಿಯ ಎಂಜಿನಿಯರ್ ಆಲ್ಬರ್ಟ್ ಬಾಲ್ಡ್ವಿನ್ ವುಡ್ 1913ರಲ್ಲಿ ರೂಪಿಸಿದ, ತಿರುಪಿನಾಕಾರದ ಅಲಗುಗಳು ತಿರುಗಿ ನೀರನ್ನು ತಳ್ಳುವ ಸ್ಕ್ರೂ ಪಂಪ್‌ನ ಮಾದರಿಯಲ್ಲಿ ಕಟ್ಟಿದ ಭಾರಿ ಯಂತ್ರಗಳು, 1920ರ ದಶಕದ 14 ಅಡಿ ವ್ಯಾಸದವೂ ಸೇರಿದಂತೆ, ಇಂದಿಗೂ ನೀರೆತ್ತುತ್ತಿವೆ. ಇವುಗಳ ಬಾಳಿಕೆಗೆ ಪೂರ್ಣ ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ತೊಡಕಿರುವುದು ಅವುಗಳಿಗೆ ಉಣಿಸುವ ವಿದ್ಯುತ್ತಿನಲ್ಲಿ. ಅಮೆರಿಕದ ಉಳಿದೆಡೆ 60 ಹರ್ಟ್ಸ್ (ಅಂದರೆ ಸೆಕೆಂಡಿಗೆ 60 ಆವರ್ತನಗಳ) ವಿದ್ಯುತ್ ಹರಿಯುತ್ತಿದ್ದರೆ ಈ ಹಳೆಯ ಮೋಟಾರುಗಳಿಗೆ ಬೇಕಾದದ್ದು 25 ಹರ್ಟ್ಸ್. ಅದನ್ನು ಮಂಡಳಿ ತನ್ನದೇ ಮುದಿ ಟರ್ಬೈನುಗಳಿಂದ ಉತ್ಪಾದಿಸಿಕೊಳ್ಳುತ್ತ ಬಂದಿತು. 2017ರ ಆಗಸ್ಟ್ 5ರಂದು ಚಂಡಮಾರುತವೇನೂ ಇಲ್ಲದೆ, ಬರಿಯ ಜಡಿಮಳೆಗೆ ಬಡಾವಣೆಗಳು ಮುಳುಗಿದವು. ಎಲ್ಲ ಪಂಪ್‌ಗಳೂ ಕೆಲಸ ಮಾಡುತ್ತಿದ್ದವೆಂದು ಅಧಿಕಾರಿಗಳು ಮೊದಲು ಹೇಳಿದ್ದು ನಿಜವಲ್ಲವೆಂದು ಕೆಲವೇ ದಿನಗಳಲ್ಲಿ ಬಯಲಾಯಿತು. ಅಷ್ಟರಲ್ಲೇ ಒಂದು ಟರ್ಬೈನೂ ಬೆಂಕಿಯಿಂದ ಕೆಟ್ಟು ನಿಂತಿತು. ಮಳೆಗಿಂತಲೂ ಆ ಸುಳ್ಳೇ ಜನರನ್ನು ಹೆಚ್ಚು ಕೆರಳಿಸಿದ್ದರೆ ಅಚ್ಚರಿಯಿಲ್ಲ.

ಆದ್ದರಿಂದ ಹೊರಗಿನ ಗ್ರಿಡ್‌ನ ವಿದ್ಯುತ್ತನ್ನು ಹೊಸ ಉಪಕೇಂದ್ರದ ಮೂಲಕ ಪಡೆದು, ಆವರ್ತನ ಬದಲಿಸುವ ಪರಿವರ್ತಕಗಳಲ್ಲಿ 25 ಹರ್ಟ್ಸ್‌ಗೆ ಇಳಿಸಿ, ಹಳೆಯ ಪಂಪ್‌ಗಳನ್ನು ಹಾಗೆಯೇ ಉಳಿಸಿಕೊಳ್ಳುವ ಯೋಜನೆ ನನಗೆ ವಿವೇಕದ್ದಾಗಿ ಕಾಣುತ್ತದೆ. ಯಾವ ಪಂಪ್ ಸಿದ್ಧವಿದೆ, ಯಾವುದು ರಿಪೇರಿಯಲ್ಲಿದೆ ಎಂಬುದನ್ನು ಈಗ ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಇಡೀ ಸುಧಾರಣೆಯಲ್ಲಿ ನಾನು ಬಹುವಾಗಿ ಮೆಚ್ಚಿದ್ದು ಇದನ್ನೇ. ಆದರೆ ನೀರು ಪಂಪ್‌ನವರೆಗೆ ತಲುಪಬೇಕಲ್ಲ! ಆ ಪ್ರವಾಹದ ನಂತರ ಕೈಗೊಂಡ ಚರಂಡಿ ಸ್ವಚ್ಛತೆಯಲ್ಲಿ ಸೇಂಟ್ ಚಾರ್ಲ್ಸ್ ಅವೆನ್ಯೂದ ಐದು ಬ್ಲಾಕ್‌ಗಳಿಂದಲೇ ಮಾರ್ಡಿ ಗ್ರಾ ಹಬ್ಬದ ಮೆರವಣಿಗೆಗಳಲ್ಲಿ ಜನರತ್ತ ಎಸೆಯುವ ಮಣಿಸರಗಳು 93 ಸಾವಿರ ಪೌಂಡ್‌ನಷ್ಟು ಹೊರಬಂದವು.

ಇನ್ನು ಸೇವೆಯ ಮಿತಿ. ಮೊದಲ ಗಂಟೆಯಲ್ಲಿ ಒಂದು ಇಂಚು, ನಂತರ ಗಂಟೆಗೆ ಅರ್ಧ ಇಂಚು: ಎಲ್ಲವೂ ಸರಿಯಿದ್ದಾಗ ಈ ವ್ಯವಸ್ಥೆ ನಿಭಾಯಿಸಬಲ್ಲ ಮಳೆ ಇಷ್ಟೆಂದು ಮಂಡಳಿಯೇ ಹೇಳುತ್ತದೆ. ಮೇಲಾಗಿ, ಬಿಡದೆ ನೀರು ಹೊರಹಾಕಿದಂತೆಲ್ಲ ಕೆಳಗಿನ ಜೌಗು ಮಣ್ಣು ಒಣಗಿ ನೆಲವೇ ಕುಸಿಯುತ್ತದೆ. ಮಳೆಯನ್ನು ಬಡಾವಣೆಯಲ್ಲೇ ತಡೆದು ಇಂಗಿಸಲು ಜೆಂಟಿಲಿ ಭಾಗಕ್ಕೆ 2016ರಲ್ಲೇ 14 ಕೋಟಿ ಡಾಲರ್‌ಗೂ ಹೆಚ್ಚಿನ ಕೇಂದ್ರ ಅನುದಾನ ಮಂಜೂರಾಗಿತ್ತು. ಆ ಕೆಲಸ ಸಾಗಿದ ಮಂದಗತಿಗೆ ಮಾತ್ರ ನನ್ನಿಂದ ಅಂಕ ಸಿಗದು.